ಆಫೀಸಿನ ಫೋನ್ ಸಿಸ್ಟಂ ತುಂಬಿಹೋದಾಗ: ಕಾರ್ಡ್ ಹಾಕಿಸಬೇಕಾ, ಹೊಸದೇ ತರಬೇಕಾ?

ಆಫೀಸಿಗೆ ನಾಲ್ಕು ಜನ ಹೊಸಬರು ಬರುತ್ತಿದ್ದಾರೆ. ಮೇಜು, ಕುರ್ಚಿ, ಕಂಪ್ಯೂಟರ್ ಎಲ್ಲ ಬಂತು. ಫೋನ್ ಕೊಡೋಣ ಅಂತ ನೋಡಿದರೆ ಇಪಿಎಬಿಎಕ್ಸ್‌ನಲ್ಲಿ, ಅಂದರೆ ಒಳಗಿನ ಫೋನ್‌ಗಳನ್ನು ಒಂದಕ್ಕೊಂದು ಮತ್ತು ಹೊರಗಿನ ಲೈನಿಗೆ ಜೋಡಿಸುವ ಬಾಕ್ಸಿನಲ್ಲಿ, ಫೋನ್ ಸೇರಿಸಲು ಒಂದು ಪೋರ್ಟೂ ಉಳಿದಿಲ್ಲ. ಮೂರು ಕಡೆ ವಿಚಾರಿಸಿದರೆ ಮೂರು ಉತ್ತರ. ಒಬ್ಬರು "ಒಂದು ಕಾರ್ಡ್ ಹಾಕಿದರೆ ಸಾಕು" ಅನ್ನುತ್ತಾರೆ. ಇನ್ನೊಬ್ಬರು "ಇದು ಹಳೇದಾಯ್ತು, ಪೂರ್ತಿ ಐಪಿಗೆ ಹೋಗಿಬಿಡಿ" ಅನ್ನುತ್ತಾರೆ, ಅಂದರೆ ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ನಡೆಯುವ ಫೋನ್. ಮತ್ತೊಬ್ಬರು ಆಫೀಸಿನಲ್ಲಿ ಬಾಕ್ಸೇ ಬೇಡ, ಎಲ್ಲ ಕ್ಲೌಡ್‌ನಲ್ಲಿ ಇರಲಿ ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೂವರೂ ತಮ್ಮ ಹತ್ತಿರ ಇರುವುದನ್ನೇ ಹೇಳುತ್ತಿದ್ದಾರೆ. ನಿಮ್ಮ ಆಫೀಸಿನಲ್ಲಿ ಏನಿದೆ ಅಂತ ಇನ್ನೂ ಯಾರೂ ನೋಡಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಫೀಚರ್‌ಗಳ ಪಟ್ಟಿ ನೋಡಿ ಆರಿಸಲು ಹೋಗಬೇಡಿ. ಕಾಲ್ ಟ್ರಾನ್ಸ್‌ಫರ್, ಕಾನ್ಫರೆನ್ಸ್, ಕಾಲಿಗೆ ತಾನೇ ಉತ್ತರಿಸಿ ದಾಟಿಸುವ ಆಟೋ ಅಟೆಂಡೆಂಟ್ ಈಗ ಹೆಚ್ಚುಕಡಿಮೆ ಎಲ್ಲದರಲ್ಲೂ ಸಿಗುತ್ತವೆ. ನೋಡಬೇಕಾದ್ದು ಎರಡು: ಗೋಡೆಯೊಳಗೆ ಎಂಥ ವೈರ್ ಇದೆ, ಮತ್ತು ನೀವು ದುಡ್ಡು ಹಾಕುವ ಸಿಸ್ಟಂ ಬೆಳೆಯುತ್ತ ಬೆಳೆಯುತ್ತ ಎಲ್ಲಿಗೆ ಬಂದು ನಿಂತುಬಿಡುತ್ತದೆ. ಮಿಕ್ಕ ಲೆಕ್ಕವೆಲ್ಲ ಇವೆರಡರ ಹಿಂದೆ ಬರುತ್ತದೆ.

ಯಾವುದರಿಂದ ಅಳೆಯಬೇಕು

ಮೊದಲನೆಯದು, ಒಂದೇ ಹೊತ್ತಿಗೆ ಎಷ್ಟು ಕಾಲ್ ನಡೆಯುತ್ತವೆ. ಎಷ್ಟು ಫೋನ್ ಬೇಕು ಅನ್ನೋದು ಬೇರೆ, ಹೊರಗಿನ ಲೈನ್ ಎಷ್ಟು ಬೇಕು ಅನ್ನೋದು ಬೇರೆ. ನಲವತ್ತು ಜನರ ಆಫೀಸಿಗೆ ನಲವತ್ತು ಲೈನ್ ಯಾರೂ ಹಾಕಿಸುವುದಿಲ್ಲ. ಇದರ ಲೆಕ್ಕ ಹಾಕುವ ಸೂತ್ರವನ್ನು ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ 1917ರಲ್ಲೇ ಪ್ರಕಟಿಸಿದರು, ಇವತ್ತಿಗೂ ಅದೇ ನಡೆಯುತ್ತಿದೆ. ದಿನದಲ್ಲಿ ಅತಿ ಹೆಚ್ಚು ಕಾಲ್ ಇರುವ ಒಂದು ಗಂಟೆ ತೆಗೆದುಕೊಳ್ಳಿ. ಆ ಗಂಟೆಯಲ್ಲಿ ಒಳಗೆ ಬಂದದ್ದು, ಹೊರಗೆ ಹೋದದ್ದು ಸೇರಿ 60 ಕಾಲ್, ಒಂದೊಂದು ಸರಾಸರಿ 3 ನಿಮಿಷ ಅಂತಿಟ್ಟುಕೊಳ್ಳಿ. ಒಟ್ಟು 180 ನಿಮಿಷ, ಅಂದರೆ 3 ಗಂಟೆಯ ಮಾತು. ಇದನ್ನು 3 ಎರ್ಲಾಂಗ್ ಅನ್ನುತ್ತಾರೆ. ನೂರಕ್ಕೆ ಒಂದು ಕಾಲ್ ಮಾತ್ರ ಎಂಗೇಜ್ ಸಿಕ್ಕರೆ ಪರವಾಗಿಲ್ಲ ಅಂದರೆ ಇದಕ್ಕೆ 8 ಲೈನ್ ಬೇಕು. ಮಾತು ದುಪ್ಪಟ್ಟಾಗಿ 6 ಎರ್ಲಾಂಗ್ ಆದರೆ 13 ಲೈನ್ ಸಾಕು, ಇನ್ನೂ ದುಪ್ಪಟ್ಟಾಗಿ 12 ಆದರೆ 20 ಸಾಕು. ಗಮನಿಸಿದಿರಾ, ಕೆಲಸ ದುಪ್ಪಟ್ಟಾದರೂ ಲೈನ್ ದುಪ್ಪಟ್ಟಾಗುವುದಿಲ್ಲ. ಆಫೀಸು ಬೆಳೆದಷ್ಟೂ ಒಳಗಿನ ಫೋನ್‌ಗಳ ಎಕ್ಸ್‌ಟೆನ್ಶನ್ ಕಾರ್ಡ್ ಜಾಸ್ತಿ ಬೇಕಾಗುತ್ತದೆ, ಹೊರಗಿನ ಲೈನ್‌ಗಳ ಟ್ರಂಕ್ ಕಾರ್ಡ್ ಅಷ್ಟು ಬೇಗ ಬೇಕಾಗುವುದಿಲ್ಲ. ಈ ಒಂದು ಲೆಕ್ಕ ಗೊತ್ತಿದ್ದರೆ ಕೊಟೇಶನ್‌ನಲ್ಲಿ ಅರ್ಧ ಸಾಲು ಹೊಡೆದುಹಾಕಬಹುದು. ಕಾಲ್‌ಗಳ ಸಂಖ್ಯೆ ಎಲ್ಲಿಂದ ತರೋದು ಅಂದರೆ, ಬಹುತೇಕ ಇಪಿಎಬಿಎಕ್ಸ್‌ಗಳು ಪ್ರತಿ ಕಾಲಿನ ದಾಖಲೆಯನ್ನು ಹೊರಗೆ ಕೊಡುತ್ತವೆ. ಒಂದು ವಾರದ್ದು ತೆಗೆಸಿ ನೋಡಿ.

ಎರಡನೆಯದು ವೈರಿಂಗ್. ಸಾದಾ ಅನಲಾಗ್ ಫೋನಿಗೆ ಎರಡೇ ಎರಡು ತಂತಿ ಸಾಕು, ಒಂದು ಕಿಲೋಮೀಟರ್ ದೂರದ ಗೇಟಿನವರೆಗೂ ಅದು ಸಲೀಸಾಗಿ ಓಡುತ್ತದೆ. ಐಪಿ ಫೋನಿಗೆ ನೆಟ್‌ವರ್ಕ್ ಕೇಬಲ್ ಬೇಕು, ಅದರ ಮಿತಿ 100 ಮೀಟರ್. ಅದರಾಚೆ ಹೋಗಬೇಕಾದರೆ ನಡುವೆ ಸ್ವಿಚ್ ಬೇಕು, ಸ್ವಿಚ್ಚಿಗೆ ಕರೆಂಟ್ ಬೇಕು, ಇಲ್ಲಾಂದರೆ ಫೈಬರ್ ಎಳೆಯಬೇಕು. ಒಂದೇ ಅಂತಸ್ತಿನ ಆಫೀಸಿಗೆ ಇದು ಸಮಸ್ಯೆಯೇ ಅಲ್ಲ. ಗೋಡೌನ್, ಸೆಕ್ಯುರಿಟಿ ಕ್ಯಾಬಿನ್, ಹಾಸ್ಟೆಲ್ ಅಂತ ಹರಡಿಕೊಂಡಿರುವ ಜಾಗಕ್ಕೆ ಇದೇ ದೊಡ್ಡ ಸಮಸ್ಯೆ.

ಮೂರನೆಯದು, ಕರೆಂಟ್ ಹೋದಾಗ ಏನಾಗುತ್ತದೆ. ನಾಲ್ಕನೆಯದು, ಕೆಟ್ಟರೆ ಯಾರು ಬರುತ್ತಾರೆ, ಬಿಡಿಭಾಗ ಇನ್ನೂ ಎಷ್ಟು ವರ್ಷ ಸಿಗುತ್ತದೆ. ಐದನೆಯದು ದುಡ್ಡು ಕೊಡುವ ರೀತಿ: ಒಂದೇ ಸಲ ಕೊಟ್ಟು ಮುಗಿಸೋದಾ, ತಿಂಗಳು ತಿಂಗಳು ಕಟ್ಟೋದಾ. ಈ ಐದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಮುಂದಕ್ಕೆ ಓದಿ.

ಮೊದಲು ಬಾಕ್ಸ್ ತೆರೆಸಿ ನೋಡಿ

ಯಾವುದನ್ನೂ ಕೊಳ್ಳುವ ಮುಂಚೆ ಈಗಿರುವ ಕ್ಯಾಬಿನೆಟ್ಟಿನ ಮುಚ್ಚಳ ತೆಗೆಸಿ ನೋಡಿ. ಒಂದು ಪಕ್ಕದಲ್ಲಿ ಪವರ್ ಸಪ್ಲೈ ಇರುತ್ತದೆ, ಅದರ ಪಕ್ಕ ಸಿಪಿಯು ಕಾರ್ಡ್. ಆಮೇಲೆ ಸಾಲಾಗಿ ಸ್ಲಾಟ್‌ಗಳು. ಕೆಲವಲ್ಲಿ ಕಾರ್ಡ್ ಕೂತಿರುತ್ತದೆ, ಕೆಲವಕ್ಕೆ ಖಾಲಿ ತಗಡಿನ ಪಟ್ಟಿ ಹಾಕಿ ಮುಚ್ಚಿರುತ್ತಾರೆ. ಹೊರಗಿನ ಲೈನ್ ಬರುವುದು ಟ್ರಂಕ್ ಕಾರ್ಡಿಗೆ. ಮೇಜಿನ ಫೋನಿಗೆ ಹೋಗುವುದು ಎಕ್ಸ್‌ಟೆನ್ಶನ್ ಕಾರ್ಡಿನಿಂದ. ಎಕ್ಸ್‌ಟೆನ್ಶನ್ ಕಾರ್ಡಿನಲ್ಲಿ ಮತ್ತೆ ಎರಡು ಜಾತಿ: ಸಾದಾ ಫೋನಿನದು ಒಂದು, ಡಿಸ್‌ಪ್ಲೇ ಇರುವ ಡಿಜಿಟಲ್ ಫೋನಿನದು ಇನ್ನೊಂದು. ಡಿಜಿಟಲ್ ಫೋನ್ ಆಯಾ ಕಂಪನಿಯ ಸಿಸ್ಟಂಗೆ ಮಾತ್ರ ಸೇರುತ್ತದೆ, ಬೇರೆ ಕಂಪನಿಯ ಬಾಕ್ಸ್ ತಂದ ದಿನ ಆ ಫೋನ್‌ಗಳೆಲ್ಲ ಕಪಾಟು ಸೇರುತ್ತವೆ.

ಖಾಲಿ ತಗಡು ಕಂಡ ಕೂಡಲೇ ಜಾಗ ಇದೆ ಅಂದುಕೊಳ್ಳಬೇಡಿ. ಕೆಲವು ಸಿಸ್ಟಂಗಳಲ್ಲಿ ಯಾವ ಸ್ಲಾಟಿಗೆ ಯಾವ ಕಾರ್ಡ್ ಬೇಕಾದರೂ ಹಾಕಬಹುದು. ಇನ್ನು ಕೆಲವಲ್ಲಿ ಈ ಸ್ಲಾಟ್ ಟ್ರಂಕಿಗೆ, ಆ ಸ್ಲಾಟ್ ಎಕ್ಸ್‌ಟೆನ್ಶನ್‌ಗೆ ಅಂತ ಮೊದಲೇ ಗೊತ್ತುಮಾಡಿರುತ್ತಾರೆ. ಸ್ಲಾಟ್ ಇದ್ದರೂ ಪವರ್ ಸಪ್ಲೈಗೆ ಇನ್ನೊಂದು ಕಾರ್ಡ್ ಹೊರುವ ಶಕ್ತಿ ಇರಬೇಕು. ಸಾದಾ ಫೋನ್ ಪೋರ್ಟ್ ಸುಮ್ನೆ ಕೂತಿದ್ದಾಗ ಸುಮಾರು 48 ವೋಲ್ಟ್ ಡಿಸಿ ಕೊಡುತ್ತಿರುತ್ತದೆ, ರಿಂಗ್ ಆಗುವಾಗ ಅದರ ಮೇಲೆ ಸುಮಾರು 75ರಿಂದ 90 ವೋಲ್ಟ್ ಎಸಿ ಕೊಡಬೇಕು. ತುಂಬ ಫೋನ್ ಒಟ್ಟಿಗೆ ರಿಂಗ್ ಆಗುವ ಆಫೀಸಿನಲ್ಲಿ ಇದು ಸಣ್ಣ ಹೊರೆಯಲ್ಲ. ಸಿಪಿಯುಗೂ ಒಂದು ಮಿತಿ ಇದೆ, ಸಾಫ್ಟ್‌ವೇರ್ ಲೈಸೆನ್ಸಿಗೂ ಒಂದು ಮಿತಿ ಇದೆ. ಈ ನಾಲ್ಕರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ನಿಮ್ಮ ಸಿಸ್ಟಂನ ನಿಜವಾದ ಮಿತಿ.

ಆಮೇಲೆ ಗೋಡೆಯ ಮೇಲಿನ ಡಿಸ್ಟ್ರಿಬ್ಯೂಷನ್ ಬಾಕ್ಸ್ ನೋಡಿ. ಅದರೊಳಗೆ ತಂತಿ ಸಿಕ್ಕಿಸುವ ಬಿಳಿ ಬಣ್ಣದ ಕ್ರೋನ್ ಮಾಡ್ಯೂಲ್‌ಗಳು ಒಂದರ ಮೇಲೊಂದು ಕೂತಿರುತ್ತವೆ, ಒಂದೊಂದಕ್ಕೆ ಸಾಮಾನ್ಯವಾಗಿ ಹತ್ತು ಪೇರ್, ಅಂದರೆ ತಂತಿಯ ಹತ್ತು ಜೋಡಿ. ಒಂದು ಕಡೆ ಕಾರ್ಡಿನಿಂದ ಬಂದ ವೈರ್, ಇನ್ನೊಂದು ಕಡೆ ಮೇಜುಗಳಿಗೆ ಹೋಗುವ ವೈರ್, ನಡುವೆ ಎರಡನ್ನೂ ಸೇರಿಸುವ ತುಂಡು ವೈರ್, ಅದೇ ಜಂಪರ್. ಪಕ್ಕದಲ್ಲಿ ಯಾರೋ ಪೆನ್ನಿನಲ್ಲಿ "ಅಕೌಂಟ್ಸ್ 2", "ಸ್ಟೋರ್" ಅಂತ ಬರೆದು ಆಮೇಲೆ ಹೊಡೆದುಹಾಕಿರುತ್ತಾರೆ. ಆ ಅಕೌಂಟ್ಸ್ 2 ಈಗ ಇದೆಯಾ? ಆ ಮೇಜೇ ತೆಗೆದು ಎಷ್ಟೋ ಕಾಲವಾಗಿದ್ದರೂ ಪೋರ್ಟ್ ಮಾತ್ರ ಹಾಗೇ ಜೀವಂತವಾಗಿರುತ್ತದೆ. ಟೆಸ್ಟ್ ಫೋನ್ ಹಿಡಿದು ಒಂದೊಂದೇ ಪೇರ್ ಮುಟ್ಟಿ ನೋಡುತ್ತ ಹೋದರೆ, ಡಯಲ್ ಟೋನ್ ಇದೆ, ಆದರೆ ಆ ತುದಿಯಲ್ಲಿ ಫೋನೇ ಇಲ್ಲ ಅನ್ನುವ ಪೇರ್‌ಗಳು ಸಿಗುತ್ತವೆ. ಎಷ್ಟೋ ಆಫೀಸುಗಳಿಗೆ ಬೇಕಾದ ನಾಲ್ಕು ಪೋರ್ಟ್ ಅಲ್ಲೇ ಸಿಕ್ಕಿಬಿಡುತ್ತವೆ. ತಂತಿ ಒತ್ತಿ ಕೂರಿಸುವ ಪಂಚ್ ಟೂಲ್ ಹಿಡಿದು ನಾಲ್ಕು ಜಂಪರ್ ಬದಲಿಸಿದರೆ ಕೆಲಸ ಮುಗೀತು. ಅದಕ್ಕೇ ಇದನ್ನು ಮೊದಲು ಮಾಡಿ ಅನ್ನೋದು.

ಅಲ್ಲೂ ಸಿಗಲಿಲ್ಲ ಅಂದರೆ ಈಗ ಆಯ್ಕೆಗಳಿಗೆ ಬರೋಣ.

ಒಂದು: ಇರುವುದಕ್ಕೇ ಕಾರ್ಡ್ ಸೇರಿಸುವುದು

ಕೈಗೆ ಹತ್ತಿರದ ದಾರಿ ಇದು. ವೈರ್ ಅದೇ, ಫೋನ್ ಅದೇ, ಜನ ಹೊಸದಾಗಿ ಏನೂ ಕಲಿಯಬೇಕಾಗಿಲ್ಲ. ಕಾರ್ಡ್ ಹಾಕಿ, ಎಕ್ಸ್‌ಟೆನ್ಶನ್ ನಂಬರ್ ಪ್ರೋಗ್ರಾಂ ಮಾಡಿ, ಜಂಪರ್ ಎಳೆದರೆ ಆಯಿತು.

ಆದರೆ ಮಿತಿ ನೋಡಿಕೊಳ್ಳಬೇಕು. ಪ್ಯಾನಸಾನಿಕ್‌ನ ಕೆಎಕ್ಸ್-ಟಿಇಎಸ್824 ಸಣ್ಣ ಆಫೀಸುಗಳಲ್ಲಿ ತುಂಬ ಬಳಕೆಯಾದ ಮಾಡೆಲ್. ಕೊಂಡಾಗ 3 ಲೈನ್, 8 ಎಕ್ಸ್‌ಟೆನ್ಶನ್ ಇರುತ್ತದೆ. ಕಾರ್ಡ್ ಹಾಕುತ್ತ ಹೋದರೆ 8 ಲೈನ್, 24 ಎಕ್ಸ್‌ಟೆನ್ಶನ್‌ವರೆಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಇಪ್ಪತ್ತೈದನೆಯ ಫೋನ್ ಬೇಕಾದ ದಿನ ಒಂದು ಕಾರ್ಡಿನ ಖರ್ಚಲ್ಲ, ಇಡೀ ಸಿಸ್ಟಂನ ಖರ್ಚು ಬರುತ್ತದೆ. ದೊಡ್ಡದರಲ್ಲಿ ಅವಾಯಾದ ಐಪಿ500 ವಿ2 ನೋಡಿ. ಮುಖ್ಯ ಯೂನಿಟ್ಟಿನಲ್ಲಿ 4 ಸ್ಲಾಟ್ ಅಷ್ಟೇ, ಆದರೆ ಹೊರಗಿನಿಂದ ಎಕ್ಸ್‌ಪ್ಯಾನ್ಶನ್ ಮಾಡ್ಯೂಲ್ ಜೋಡಿಸುತ್ತ 384 ಎಕ್ಸ್‌ಟೆನ್ಶನ್‌ವರೆಗೆ ಬೆಳೆಸಬಹುದು. ಇಲ್ಲಿ ಅಡ್ಡ ಬರುವುದು ಸ್ಲಾಟ್‌ಗಿಂತ ಲೈಸೆನ್ಸ್. ಹೀಗೆ ನಿಮ್ಮ ಮಾಡೆಲ್ಲಿನ ಗರಿಷ್ಠ ಸಂಖ್ಯೆ ಏನು, ಈಗ ಎಲ್ಲಿದ್ದೀರಿ ಅಂತ ನೋಡಿ. ಕಾರ್ಡ್ ಹಾಕಿದ ಮೇಲೂ ಇನ್ನೊಂದು ಕಾರ್ಡಿಗೆ ಜಾಗ ಉಳಿಯುವಂತಿದ್ದರೆ ನಿಶ್ಚಿಂತೆಯಿಂದ ಹಾಕಿಸಿ. ಇದೇ ಕೊನೆಯ ಕಾರ್ಡ್ ಆಗಿದ್ದರೆ ಸ್ವಲ್ಪ ನಿಂತು ಯೋಚಿಸಿ, ಯಾಕಂದರೆ ಈಗ ಹಾಕುವ ದುಡ್ಡು ಮುಂದಿನ ಸಿಸ್ಟಂಗೆ ಒಂದು ಪೈಸೆಯೂ ಉಪಯೋಗಕ್ಕೆ ಬರುವುದಿಲ್ಲ.

ಇನ್ನೆರಡು ವಿಷಯ. ಹಳೆಯ ಸಿಸ್ಟಂಗಳಲ್ಲಿ ಕಾಲರ್ ಐಡಿ, ವಾಯ್ಸ್ ಮೆಸೇಜ್, ಡೋರ್ ಫೋನ್ ಎಲ್ಲ ಬೇರೆ ಬೇರೆ ಕಾರ್ಡ್‌ಗಳು. ಹೊಸ ಟ್ರಂಕ್ ಕಾರ್ಡ್ ಹಾಕಿದರೆ ಆ ಲೈನ್‌ಗಳಲ್ಲಿ ನಂಬರ್ ಕಾಣಲು ಇನ್ನೊಂದು ಕಾರ್ಡ್ ಬೇಕಾ ಅಂತ ಮೊದಲೇ ಕೇಳಿ. ಎರಡನೆಯದು, ಬಿಡಿಭಾಗ. ನಾರ್ಟೆಲ್ 2009ರಲ್ಲಿ ದಿವಾಳಿಯಾಯಿತು, ಅದರ ಆಫೀಸ್ ಫೋನ್ ವ್ಯವಹಾರವನ್ನು ಅವಾಯಾ ಕೊಂಡಿತು. ತೋಶಿಬಾ 2017ರಲ್ಲಿ ಅಮೆರಿಕದ ತನ್ನ ಆಫೀಸ್ ಫೋನ್ ವಿಭಾಗವನ್ನೇ ಮುಚ್ಚುವುದಾಗಿ ಹೇಳಿತು. ಅವಾಯಾ ಕೂಡ 2017ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಅಮೆರಿಕದ ಕೋರ್ಟಿನಲ್ಲಿ ದಿವಾಳಿ ರಕ್ಷಣೆ ಕೇಳಿ ಹೊರಬಂದ ಕಂಪನಿ. ದೊಡ್ಡ ಹೆಸರು ಇದ್ದ ಮಾತ್ರಕ್ಕೆ ಕಾರ್ಡ್ ಸದಾ ಸಿಗುತ್ತದೆ ಅಂತಲ್ಲ. ನಿಮ್ಮ ಮಾಡೆಲ್ಲಿಗೆ ಈಗ ಸೆಕೆಂಡ್ ಹ್ಯಾಂಡ್ ಕಾರ್ಡ್ ಮಾತ್ರ ಸಿಗುತ್ತಿದೆ ಅಂದರೆ ಅದೇ ಒಂದು ಸೂಚನೆ. ಆಗಲೂ ಹಾಕಿಸಬಹುದು, ಆದರೆ ಕಾರ್ಡಿನ ಆವೃತ್ತಿ ನಿಮ್ಮ ಸಿಪಿಯು ಸಾಫ್ಟ್‌ವೇರಿಗೆ ಹೊಂದುತ್ತದೆಯಾ ಅಂತ ನೋಡಿ, ನಿಮ್ಮ ಬಾಕ್ಸಿನಲ್ಲೇ ಹಾಕಿ ತೋರಿಸಿದ ಮೇಲೆ ದುಡ್ಡು ಕೊಡಿ.

ಎರಡು: ಹಳೆಯದನ್ನು ಉಳಿಸಿಕೊಂಡು ಹೊಸದನ್ನು ಸೇರಿಸುವುದು

ಇದರ ಬಗ್ಗೆ ಮಾರುವವರು ಕಡಿಮೆ ಮಾತಾಡುತ್ತಾರೆ. ನನಗೆ ಮಾತ್ರ ಹೆಚ್ಚಿನ ಆಫೀಸುಗಳಿಗೆ ಇದೇ ಸರಿ ಅನಿಸುತ್ತದೆ.

ಎರಡು ರೀತಿ ಮಾಡಬಹುದು. ಇಪಿಎಬಿಎಕ್ಸ್ ಸಾದಾ ಫೋನ್, ಐಪಿ ಫೋನ್ ಎರಡನ್ನೂ ತೆಗೆದುಕೊಳ್ಳುವ ಹೈಬ್ರಿಡ್ ಜಾತಿಯದಾದರೆ ಅದಕ್ಕೇ ಐಪಿ ಕಾರ್ಡ್ ಹಾಕಿ ಹೊಸ ಮೇಜುಗಳಿಗೆ ಐಪಿ ಫೋನ್ ಕೊಡಬಹುದು. ಇಲ್ಲವಾದರೆ ಹೊಸ ಐಪಿ ಸಿಸ್ಟಂ ತಂದು, ಹಳೆಯ ಸಾದಾ ಫೋನ್‌ಗಳನ್ನು ಗೇಟ್‌ವೇ ಅನ್ನುವ, ಸಾದಾ ಲೈನನ್ನು ಐಪಿಗೆ ಬದಲಾಯಿಸುವ ಬಾಕ್ಸ್ ಮೂಲಕ ಅದಕ್ಕೆ ಸೇರಿಸಬಹುದು. ಗೇಟ್‌ವೇಗಳು 4, 8, 16, 24 ಪೋರ್ಟ್‌ಗಳಲ್ಲಿ ಸಿಗುತ್ತವೆ. ಆರ್ಡರ್ ಕೊಡುವಾಗ ಒಂದು ಕಡೆ ಎಚ್ಚರ ಬೇಕು. ಎಫ್‌ಎಕ್ಸ್‌ಎಸ್ ಪೋರ್ಟ್ ಡಯಲ್ ಟೋನ್ ಕೊಡುತ್ತದೆ, ಅದಕ್ಕೆ ಫೋನ್ ಸೇರಿಸಬೇಕು. ಎಫ್‌ಎಕ್ಸ್‌ಒ ಪೋರ್ಟ್ ಡಯಲ್ ಟೋನ್ ತೆಗೆದುಕೊಳ್ಳುತ್ತದೆ, ಅದಕ್ಕೆ ಹೊರಗಿನ ಲೈನ್ ಸೇರಿಸಬೇಕು. ಒಂದಕ್ಷರ ತಪ್ಪಿದರೆ ತಪ್ಪು ಬಾಕ್ಸ್ ಮನೆಗೆ ಬರುತ್ತದೆ. ಕ್ರೋನ್ ತನಕದ ವೈರಿಂಗ್ ಹಾಗೇ ಉಳಿಯುತ್ತದೆ, ಕಾರ್ಡಿನ ಕಡೆಯ ಕೇಬಲ್ ತೆಗೆದು ಗೇಟ್‌ವೇ ಕಡೆಗೆ ತಿರುಗಿಸಿದರೆ ಸಾಕು.

ಇದರ ಲಾಭ ಏನಂದರೆ ಗೇಟು, ಗೋಡೌನ್, ಲಿಫ್ಟ್ ಎಲ್ಲ ಎರಡು ತಂತಿಯ ಮೇಲೇ ಇರುತ್ತವೆ. ಹೊಸ ಮೇಜುಗಳು ನೆಟ್‌ವರ್ಕ್ ಕೇಬಲ್ಲಿನ ಮೇಲೆ ಬರುತ್ತವೆ. ಫ್ಯಾಕ್ಸ್ ಮೆಷಿನ್ ಇನ್ನೂ ಬೇಕೇ ಬೇಕು ಅನ್ನುವವರಿಗೂ ಒಂದು ದಾರಿ ಇರುತ್ತದೆ, ಗೇಟ್‌ವೇನಲ್ಲಿ ಐಪಿ ಮೇಲೆ ಫ್ಯಾಕ್ಸ್ ಕಳಿಸುವ ಟಿ.38 ಪದ್ಧತಿ ಇರಲಿ ಅಂತ ನೋಡಿಕೊಳ್ಳಿ. ಜಿ.729 ಥರ ಧ್ವನಿ ಒತ್ತಿ ಕಳಿಸುವ ಕೋಡೆಕ್‌ನಲ್ಲಿ ಫ್ಯಾಕ್ಸ್ ಹೋಗುವುದಿಲ್ಲ.

ನಷ್ಟ ಏನಂದರೆ ಹೈಬ್ರಿಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಮಿತಿ ಇದೆ. ಸಾದಾ ಫೋನ್ ಮತ್ತು ಐಪಿ ಫೋನ್ ಮಾತಾಡುವಾಗ ನಡುವೆ ಧ್ವನಿಯನ್ನು ಬದಲಾಯಿಸುವ ಚಿಪ್ ಕೆಲಸ ಮಾಡಬೇಕು. ಅದರ ಚಾನೆಲ್‌ಗಳು ಎಣಿಸಿದಷ್ಟೇ ಇರುತ್ತವೆ. 30 ಐಪಿ ಫೋನ್ ಹಾಕಿ, ಬದಲಾಯಿಸುವ ಚಾನೆಲ್ 8 ಇದ್ದರೆ ಒಂಬತ್ತನೆಯವರಿಗೆ ಎಂಗೇಜ್ ಟೋನೇ ಗತಿ. ಎಷ್ಟು ಐಪಿ ಎಕ್ಸ್‌ಟೆನ್ಶನ್ ಅಂತ ಕೇಳುವುದರ ಜೊತೆ ಎಷ್ಟು ವಾಯ್ಸ್ ಚಾನೆಲ್ ಅಂತಲೂ ಕೇಳಿ.

ಮೂರು: ಪೂರ್ತಿ ಐಪಿ ಸಿಸ್ಟಂ

ಇಲ್ಲಿ ಸ್ಲಾಟ್ ಅನ್ನುವ ಮಾತೇ ಕಡಿಮೆಯಾಗುತ್ತದೆ. ಫೋನ್ ಸೇರಿಸಬೇಕಾದರೆ ಸ್ವಿಚ್ಚಿನಲ್ಲಿ ಒಂದು ಪೋರ್ಟ್, ಸಿಸ್ಟಂನಲ್ಲಿ ಒಂದು ಅಕೌಂಟ್. ಮಿತಿ ಬೇರೆ ರೂಪದಲ್ಲಿ ಬರುತ್ತದೆ. ಯೀಸ್ಟಾರ್‌ನ ಎಸ್20 ಅನ್ನುವ ಸಣ್ಣ ಬಾಕ್ಸಿಗೆ 20 ಬಳಕೆದಾರರು, ಆದರೆ ಒಟ್ಟಿಗೆ 10 ಕಾಲ್. ಅದೇ ಸಾಲಿನ ಎಸ್50ಕ್ಕೆ 50 ಬಳಕೆದಾರರು, ಒಟ್ಟಿಗೆ 25 ಕಾಲ್. ಮೇಲೆ ಹಾಕಿದ ಎರ್ಲಾಂಗ್ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೊರಗಿನ ಕಾಲ್‌ಗಳ ಮೇಲೆ ಒಳಗೊಳಗೇ ಮಾತಾಡುವುದನ್ನೂ ಸೇರಿಸಿ ನೋಡಿ. ಸಾದಾ ಆಫೀಸಿಗೆ ಇಷ್ಟು ಧಾರಾಳ ಸಾಕು. ಕಾಲ್ ಸೆಂಟರ್ ಥರ ಎಲ್ಲರೂ ಫೋನಿನಲ್ಲೇ ಇರುವ ಜಾಗಕ್ಕೆ ಸಾಲುವುದಿಲ್ಲ.

ಬಾಕ್ಸಿನ ಬೆಲೆ ನೋಡಿ ಖುಷಿಪಡುವ ಮುಂಚೆ ನೆಟ್‌ವರ್ಕ್ ಖರ್ಚು ಸೇರಿಸಿ. ಫೋನಿಗೆ ಕರೆಂಟ್ ನೆಟ್‌ವರ್ಕ್ ಕೇಬಲ್ಲಿನಲ್ಲೇ ಹೋಗಬೇಕಾದರೆ ಪಿಒಇ ಸ್ವಿಚ್ ಬೇಕು. 2003ರಲ್ಲಿ ಬಂದ 802.3ಎಎಫ್ ಅನ್ನುವ ಪಿಒಇ ಮಾನದಂಡದ ಪ್ರಕಾರ ಒಂದು ಪೋರ್ಟಿನಿಂದ 15.4 ವಾಟ್‌ವರೆಗೆ ಕೊಡಬಹುದು. 24 ಪೋರ್ಟಿಗೂ ಪೂರ್ತಿ ಕೊಡಬೇಕಾದರೆ ಸುಮಾರು 370 ವಾಟ್ ಬೇಕು. ಅಷ್ಟು ಶಕ್ತಿ ಇಲ್ಲದ 24 ಪೋರ್ಟಿನ ಸ್ವಿಚ್‌ಗಳೂ ಬೇಕಾದಷ್ಟಿವೆ. ಸಾದಾ ಐಪಿ ಫೋನ್ ಅಷ್ಟೊಂದು ಎಳೆಯುವುದಿಲ್ಲ, ಒಂದಕ್ಕೆ 5 ವಾಟ್ ಅಂತ ಹಿಡಿದರೂ 24ಕ್ಕೆ 120 ವಾಟ್. ಹಾಗಾಗಿ ಅರ್ಧ ಶಕ್ತಿಯ ಸ್ವಿಚ್ ಸಾಕಾಗಬಹುದು. ಆದರೆ ಅದೇ ಸ್ವಿಚ್ಚಿಗೆ ಕ್ಯಾಮೆರಾ, ವೈಫೈ ಬಾಕ್ಸ್ ಕೂಡ ಸೇರಿಸುತ್ತೀರಾ? ಹಾಗಿದ್ದರೆ ಲೆಕ್ಕ ಮತ್ತೆ ಹಾಕಿ.

ಮೇಜಿಗೆ ಒಂದೇ ನೆಟ್‌ವರ್ಕ್ ಪಾಯಿಂಟ್ ಇದ್ದರೂ ಚಿಂತೆಯಿಲ್ಲ. ಐಪಿ ಫೋನಿನ ಹಿಂದೆ ಸಾಮಾನ್ಯವಾಗಿ ಎರಡು ಸಾಕೆಟ್ ಇರುತ್ತವೆ, ಗೋಡೆಯಿಂದ ಫೋನಿಗೆ, ಫೋನಿನಿಂದ ಕಂಪ್ಯೂಟರಿಗೆ. ಅಗ್ಗದ ಫೋನ್‌ಗಳಲ್ಲಿ ಆ ಸಾಕೆಟ್ 100 ಎಂಬಿಪಿಎಸ್ ಮಾತ್ರ. ದೊಡ್ಡ ಫೈಲ್ ಓಡಾಡಿಸುವ ವಿಭಾಗದಲ್ಲಿ ಇದನ್ನು ಹಾಕಿದರೆ ಮಾರನೇ ದಿನವೇ "ನೆಟ್ ನಿಧಾನ" ಅಂತ ದೂರು ಬರುತ್ತದೆ. ಅಂಥ ಮೇಜಿಗೆ ಗಿಗಾಬಿಟ್ ಫೋನ್ ಕೊಡಿ, ಉಳಿದವರಿಗೆ ಸಾದಾದ್ದು ಸಾಕು.

ಧ್ವನಿಗೆ ಬೇಕಾದ ಇಂಟರ್ನೆಟ್ ಜನ ಅಂದುಕೊಂಡಷ್ಟು ಜಾಸ್ತಿ ಅಲ್ಲ. ಜಿ.711 ಕೋಡೆಕ್‌ನಲ್ಲಿ ಒಂದು ಕಾಲಿಗೆ ಪ್ರತಿ ದಿಕ್ಕಿಗೆ ಸುಮಾರು 87 ಕೆಬಿಪಿಎಸ್, ಜಿ.729ರಲ್ಲಿ ಸುಮಾರು 31. ಹತ್ತು ಕಾಲ್ ಅಂದರೂ 1 ಎಂಬಿಪಿಎಸ್ ಒಳಗೇ. ವೇಗಕ್ಕಿಂತ ಮುಖ್ಯ ಆದದ್ದು ತಡ. ಒಂದು ಕಡೆಗೆ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತು ಸರಾಗವಾಗಿರುತ್ತದೆ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಯಾರೋ ದೊಡ್ಡ ಫೈಲ್ ಇಳಿಸುವಾಗ ಫೋನಿನಲ್ಲಿ ಮಾತು ತುಂಡು ತುಂಡಾಗುವುದು ಈ ತಡ ಏರುಪೇರಾಗಿ, ಧ್ವನಿಯ ತುಣುಕುಗಳು ದಾರಿಯಲ್ಲಿ ಕಳೆದುಹೋಗುವ ಕಾರಣಕ್ಕೇ. ಫೋನಿಗೆ ಬೇರೆ ವಿಎಲ್‌ಎಎನ್, ಅಂದರೆ ಅದೇ ಕೇಬಲ್‌ಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್ ಮಾಡಿ, ರೂಟರಿನಲ್ಲಿ ಧ್ವನಿಗೆ ಆದ್ಯತೆ ಕೊಡುವ ಸೆಟಿಂಗ್ ಮಾಡಿಸಲೇಬೇಕು. ಇದನ್ನು ಮಾಡಲು ಬರುವವರೇ ಸಿಸ್ಟಂ ಹಾಕಲಿ.

ಇನ್ನು ಭದ್ರತೆ. ಐಪಿ ಸಿಸ್ಟಂ ಅನ್ನು 5060 ಪೋರ್ಟಿನ (ಐಪಿ ಕಾಲ್‌ಗಳು ಸಾಮಾನ್ಯವಾಗಿ ಬಳಸುವ ನೆಟ್‌ವರ್ಕ್ ಪೋರ್ಟ್ ಸಂಖ್ಯೆ) ಮೇಲೆ ಇಂಟರ್ನೆಟ್ಟಿಗೆ ಸುಮ್ನೆ ತೆರೆದಿಟ್ಟರೆ ಅದನ್ನು ಹುಡುಕಿಕೊಂಡು ಬರುವವರು ಯಾವಾಗಲೂ ಇರುತ್ತಾರೆ. ಎಕ್ಸ್‌ಟೆನ್ಶನ್ 101, ಪಾಸ್‌ವರ್ಡ್ 101 ಅಂತ ಇಟ್ಟಿದ್ದರೆ ರಾತ್ರೋರಾತ್ರಿ ನಿಮ್ಮ ಲೈನಿನಿಂದ ದುಬಾರಿ ವಿದೇಶಿ ನಂಬರ್‌ಗಳಿಗೆ ಕಾಲ್ ಹೋಗುತ್ತವೆ, ಬಿಲ್ ನಿಮಗೆ ಬರುತ್ತದೆ. ವಿದೇಶಿ ಕಾಲ್ ಬೇಡದ ಆಫೀಸಿನಲ್ಲಿ ಅದನ್ನು ಮುಚ್ಚಿಸಿಬಿಡಿ.

ನಾಲ್ಕು ಮತ್ತು ಐದು: ಸರ್ವರ್, ಕ್ಲೌಡ್

ಮಾರ್ಕ್ ಸ್ಪೆನ್ಸರ್ 1999ರಲ್ಲಿ ಶುರುಮಾಡಿದ ಆಸ್ಟರಿಸ್ಕ್ ಎನ್ನುವ ಮುಕ್ತ ತಂತ್ರಾಂಶವನ್ನು ಸಾದಾ ಕಂಪ್ಯೂಟರಿಗೆ ಹಾಕಿ ಅದನ್ನೇ ಫೋನ್ ಸಿಸ್ಟಂ ಮಾಡಬಹುದು. ಲೈಸೆನ್ಸ್ ಖರ್ಚಿಲ್ಲ. ಬೇಕಾದ ಹಾಗೆ ಬೆಳೆಸಬಹುದು, ಬಿಡಿಭಾಗ ಅಂದರೆ ಕಂಪ್ಯೂಟರ್ ಬಿಡಿಭಾಗ, ಎಲ್ಲ ಕಡೆ ಸಿಗುತ್ತದೆ. ಆದರೆ ಆಫೀಸಿನೊಳಗೇ ಲಿನಕ್ಸ್ ಗೊತ್ತಿರುವವರು ಇರಬೇಕು, ಅವರು ಕೆಲಸ ಬಿಟ್ಟು ಹೋದರೂ ಇನ್ನೊಬ್ಬರಿಗೆ ಅರ್ಥವಾಗುವಂತೆ ಎಲ್ಲ ಬರೆದಿಟ್ಟಿರಬೇಕು. ಇವೆರಡೂ ಇಲ್ಲದ ಕಡೆ ನಾನು ಇದನ್ನು ಹೇಳುವುದಿಲ್ಲ.

ಕ್ಲೌಡ್‌ನಲ್ಲಿ ಬಾಕ್ಸ್ ಇಲ್ಲ, ತಲೆಗಿಷ್ಟು ಅಂತ ತಿಂಗಳ ಬಾಡಿಗೆ. ಮೂರು ಊರಲ್ಲಿ ಸಣ್ಣ ಸಣ್ಣ ಶಾಖೆ ಇದ್ದರೆ, ಅರ್ಧ ಜನ ಮನೆಯಿಂದ ಕೆಲಸ ಮಾಡುತ್ತಿದ್ದರೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಒಂದೇ ಕಟ್ಟಡದಲ್ಲಿ 80 ಜನ ಇದ್ದು, ಅವರಲ್ಲಿ ಅರವತ್ತು ಜನರ ಫೋನ್ ಬರೀ ಇಂಟರ್‌ಕಾಮ್ ಥರ ಬಳಕೆಯಾಗುತ್ತಿದ್ದರೆ ಅಷ್ಟೂ ಜನರಿಗೆ ಬಾಡಿಗೆ ಕಟ್ಟುವುದು ದಂಡ. ಐದು ವರ್ಷದ ಬಾಡಿಗೆ ಒಟ್ಟು ಹಾಕಿ, ಬಾಕ್ಸಿನ ಬೆಲೆ ಮತ್ತು ಐದು ವರ್ಷದ ನಿರ್ವಹಣೆಯ ಪಕ್ಕ ಇಟ್ಟು ನೋಡಿ. ಇಂಟರ್ನೆಟ್ ಕಡಿದರೆ ಪಕ್ಕದ ಮೇಜಿಗೂ ಕಾಲ್ ಹೋಗುವುದಿಲ್ಲ ಅನ್ನುವುದನ್ನೂ ಮರೆಯಬೇಡಿ. ಎರಡನೇ ಇಂಟರ್ನೆಟ್ ಲೈನ್ ಬೇಕಾಗುತ್ತದೆ, ಅದೂ ಖರ್ಚೇ.

ಹೊರಗಿನ ಲೈನ್, ಕರೆಂಟ್, ಸಿಡಿಲು

ಹೊರಗಿನ ಲೈನ್ ಮೂರು ಬಗೆ. ಅನಲಾಗ್ ಲೈನ್ ಒಂದಕ್ಕೆ ಒಂದು ಕಾಲ್, ನಾಲ್ಕೈದು ಲೈನ್ ಇರುವವರಿಗೆ ಸರಿ. ಪಿಆರ್‌ಐ ಅಂದರೆ ಒಂದೇ ಕೇಬಲ್ಲಿನಲ್ಲಿ ಒಟ್ಟಿಗೆ 30 ಕಾಲ್, ಅಮೆರಿಕದ ಟಿ1 ಪದ್ಧತಿಯಲ್ಲಿ 23. ಅದಕ್ಕೆ ಬೇರೆಯದೇ ಕಾರ್ಡ್ ಬೇಕು. ಸಿಪ್ ಟ್ರಂಕ್ ಇಂಟರ್ನೆಟ್ ಮೇಲೆ ಬರುತ್ತದೆ, 8 ಬೇಕಾದರೆ 8, ಆಮೇಲೆ 13 ಬೇಕಾದರೆ ಫೋನ್ ಮಾಡಿ ಹೇಳಿದರೆ ಆಯಿತು, ಕಾರ್ಡ್ ಹಾಕುವ ಕೆಲಸವಿಲ್ಲ. ಹೊಸದಾಗಿ ತರುವ ಸಿಸ್ಟಂ ಯಾವುದೇ ಆಗಲಿ, ಅದಕ್ಕೆ ಸಿಪ್ ಟ್ರಂಕ್ ಸೇರುವಂತಿರಲಿ. ತಾಮ್ರದ ಲೈನ್‌ಗಳ ಕಾಲ ಮುಗಿಯುತ್ತ ಬಂದಿದೆ, ಬ್ರಿಟನ್ ತನ್ನ ಹಳೆಯ ಫೋನ್ ಜಾಲವನ್ನು 2027ರ ಜನವರಿಯೊಳಗೆ ಮುಚ್ಚಲು ದಿನ ಗೊತ್ತುಮಾಡಿದೆ.

ಕರೆಂಟ್ ವಿಷಯದಲ್ಲಿ ಹಳೆಯ ಇಪಿಎಬಿಎಕ್ಸ್ ಇವತ್ತಿಗೂ ಮುಂದೆ. ಒಂದು ಬಾಕ್ಸಿಗೆ ಒಂದು ಬ್ಯಾಟರಿ, ಎಲ್ಲ ಫೋನೂ ನಡೆಯುತ್ತವೆ. ಬ್ಯಾಟರಿಯೂ ಸತ್ತರೆ ಪವರ್ ಫೇಲ್ ಟ್ರಾನ್ಸ್‌ಫರ್ ಇರುವ ಸಿಸ್ಟಂಗಳಲ್ಲಿ ಹೊರಗಿನ ಒಂದು ಲೈನ್ ನೇರವಾಗಿ ಒಂದು ಸಾದಾ ಫೋನಿಗೆ ಸೇರಿಕೊಳ್ಳುತ್ತದೆ. ಐಪಿಯಲ್ಲಿ ಬಾಕ್ಸ್, ರೂಟರ್, ಪ್ರತಿ ಅಂತಸ್ತಿನ ಸ್ವಿಚ್, ಇಷ್ಟಕ್ಕೂ ಯುಪಿಎಸ್ ಬೇಕು. ಆಸ್ಪತ್ರೆ, ಕಾರ್ಖಾನೆ, ಲಿಫ್ಟ್ ಇರುವ ಕಟ್ಟಡ ಆದರೆ ಒಂದೆರಡು ಅನಲಾಗ್ ಫೋನ್ ಬೇರೆಯಾಗಿಯೇ ಉಳಿಸಿಕೊಳ್ಳಿ.

ಕಟ್ಟಡದಿಂದ ಕಟ್ಟಡಕ್ಕೆ ಹೊರಗಡೆ ಎಳೆದ ವೈರ್ ಇದ್ದರೆ ಸಿಡಿಲಿನ ಭಯ ಇದ್ದೇ ಇದೆ. ಕ್ರೋನ್ ಮೇಲೆ ಕೂರಿಸುವ, ಹೆಚ್ಚುವರಿ ವೋಲ್ಟೇಜನ್ನು ಭೂಮಿಗೆ ಹರಿಸುವ ಸರ್ಜ್ ಅರೆಸ್ಟರ್ ಹಾಕಿಸಿ, ಅರ್ಥಿಂಗ್ ಸರಿ ಇದೆಯಾ ನೋಡಿಸಿ. ಅರ್ಥಿಂಗ್ ಇಲ್ಲದೆ ಅರೆಸ್ಟರ್ ಹಾಕಿದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ಹಾಗಾದರೆ ಯಾರಿಗೆ ಯಾವುದು

ಇಪ್ಪತ್ತು ಫೋನಿನ ಒಳಗಿನ ಆಫೀಸು, ಇನ್ನು ಮೂರು ವರ್ಷದಲ್ಲಿ ನಾಲ್ಕೈದು ಜನ ಜಾಸ್ತಿ ಆಗಬಹುದು, ಬಾಕ್ಸ್ ಚೆನ್ನಾಗಿ ನಡೆಯುತ್ತಿದೆ, ಕಾರ್ಡ್ ಸಿಗುತ್ತದೆ. ಕಾರ್ಡ್ ಹಾಕಿಸಿ, ಬೇರೆ ಯೋಚನೆ ಬೇಡ. ಅದೇ ಆಫೀಸಿನವರು ಮುಂದಿನ ವರ್ಷ ಜಾಗ ಬದಲಾಯಿಸುವವರಾದರೆ ಕಾರ್ಡಿಗೂ ದುಡ್ಡು ಹಾಕಬೇಡಿ. ನಾಲ್ಕು ಜನಕ್ಕೆ ಈಗ ಹೇಗೋ ಹಂಚಿಕೊಂಡು ನಡೆಸಿ, ಹೊಸ ಜಾಗದಲ್ಲಿ ನೆಟ್‌ವರ್ಕ್ ಕೇಬಲ್ ಎಳೆಸುವಾಗಲೇ ಐಪಿ ಮಾಡಿಸಿ.

ಐವತ್ತರಿಂದ ನೂರು ಫೋನ್, ಎರಡು ಮೂರು ಕಟ್ಟಡ, ಹಳೆಯ ವೈರಿಂಗ್ ಗಟ್ಟಿಯಾಗಿದೆ ಅನ್ನುವವರಿಗೆ ಎರಡನೆಯ ದಾರಿ. ದೂರದ ಫೋನ್ ಗೇಟ್‌ವೇ ಮೇಲೆ, ಹತ್ತಿರದ ಮೇಜು ಐಪಿ ಮೇಲೆ. ಬಜೆಟ್ ಒಂದೇ ಸಲ ಇಲ್ಲದಿದ್ದರೆ ಈ ವರ್ಷ ಒಂದು ಅಂತಸ್ತು, ಮುಂದಿನ ವರ್ಷ ಇನ್ನೊಂದು ಅಂತ ಮಾಡಬಹುದು. ನಡುವಿನ ಕಾಲದಲ್ಲಿ ಹಳೆಯದಕ್ಕೂ ಹೊಸದಕ್ಕೂ ಸಂಪರ್ಕ ಕೊಟ್ಟು, ಎಕ್ಸ್‌ಟೆನ್ಶನ್ ನಂಬರ್ ಬದಲಾಗದಂತೆ ನೋಡಿಕೊಳ್ಳಿ. ನಂಬರ್ ಬದಲಾದರೆ ಬೈಗುಳ ತಿನ್ನುವುದು ರಿಸೆಪ್ಷನ್‌ನಲ್ಲಿ ಕೂತವರು. ಅವರಿಗೆ ಯಾರು ಮಾತಾಡುತ್ತಿದ್ದಾರೆ, ಯಾರು ಬಿಡುವಾಗಿದ್ದಾರೆ ಅಂತ ದೀಪದಲ್ಲಿ ತೋರಿಸುವ ಬಟನ್ ಇರುವ ಒಳ್ಳೆಯ ಫೋನ್ ಕೊಡಿ, ಬೇರೆ ಎಲ್ಲಿ ಉಳಿಸಿದರೂ ಅಲ್ಲಿ ಉಳಿಸಬೇಡಿ. ಗೋಡೌನಿನಲ್ಲಿ ಓಡಾಡುವವರಿಗೆ ಮೇಜಿನ ಫೋನಿಗಿಂತ ಕೈಯಲ್ಲಿ ಹಿಡಿದು ಓಡಾಡುವ ಡೆಕ್ಟ್ ಕಾರ್ಡ್‌ಲೆಸ್ ಫೋನ್ ಒಳ್ಳೆಯದು.

ಹೊಸ ಆಫೀಸು, ಗೋಡೆ ಇನ್ನೂ ಖಾಲಿ ಅಂದರೆ ಪೂರ್ತಿ ಐಪಿ. ಅನಲಾಗ್ ಪೇರ್ ಎಳೆಸುವ ಖರ್ಚೇ ಬೇಡ, ಗೇಟಿಗೆ ಹೋಗುವ ಒಂದನ್ನು ಬಿಟ್ಟು. ಚದುರಿದ ಶಾಖೆಗಳಿಗೆ ಕ್ಲೌಡ್.

ಕೊಟೇಶನ್ ಬಂದ ಮೇಲೆ ಕೆಳಗಿನದನ್ನು ಬರವಣಿಗೆಯಲ್ಲೇ ಕೇಳಿ. ಈ ಮಾಡೆಲ್ ಗರಿಷ್ಠ ಎಷ್ಟು ಎಕ್ಸ್‌ಟೆನ್ಶನ್, ಎಷ್ಟು ಲೈನ್, ಒಟ್ಟಿಗೆ ಎಷ್ಟು ಕಾಲ್? ನೀವು ಹೇಳಿದ ಸಂಖ್ಯೆಗೆ ಲೈಸೆನ್ಸ್ ಸೇರಿದೆಯಾ, ಬೇರೆಯಾ? ಇನ್ನು 8 ಫೋನ್ ಸೇರಿಸಬೇಕಾದರೆ ಏನೇನು ಕೊಳ್ಳಬೇಕು, ಇವತ್ತಿನ ಬೆಲೆ ಎಷ್ಟು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಎರಡು ಕೊಟೇಶನ್‌ಗಳ ನಿಜವಾದ ವ್ಯತ್ಯಾಸ ಇರುತ್ತದೆ, ಮೊದಲ ಪುಟದ ಮೊತ್ತದಲ್ಲಿ ಇರುವುದಿಲ್ಲ. ಕೆಲಸ ಮುಗಿದ ದಿನ ಪ್ರೋಗ್ರಾಮಿಂಗ್ ಬ್ಯಾಕಪ್ ಫೈಲು, ಅಡ್ಮಿನ್ ಪಾಸ್‌ವರ್ಡು, ಯಾವ ಪೇರ್ ಯಾವ ಮೇಜಿಗೆ ಅನ್ನುವ ಪಟ್ಟಿ, ಮೂರನ್ನೂ ಕೈಗೆ ಕೊಡಬೇಕು ಅಂತ ಆರ್ಡರಿನಲ್ಲೇ ಬರೆಸಿ. ಪಟ್ಟಿಯ ಒಂದು ಪ್ರತಿಯನ್ನು ಡಿಸ್ಟ್ರಿಬ್ಯೂಷನ್ ಬಾಕ್ಸಿನ ಬಾಗಿಲ ಒಳಗೆ ಅಂಟಿಸಿಬಿಡಿ.